ಮಿಲಿಟರಿ ತಾತನ ಕಪಾಳದೇಟು

ಈ ಶಿವರಾತ್ರಿಯ ಮಧ್ಯಾಹ್ನ ಸೊಸೆ ಕುಕ್ಕರಿನ ಮುಚ್ಚಳ ತೆಗೆದಳು. ಬೆಂದ ಗೆಣಸಿನ ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು. ನನ್ನ ಕಣ್ಣು ತಾನಾಗಿ ಬೀದಿ ಬಾಗಿಲ ಕಡೆ ಹೋಯಿತು... ಯಾರೋ ಛತ್ರಿ ಹಿಡಿದು ಸಿಟ್ಟಿನಿಂದ ಹೊರಗೆ ಹೊರಡುತ್ತಾರೇನೋ ಎಂದು.

ಹೊಸಪೇಟೆಯ ಓಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಿಲಿಟರಿ ತಾತನಿಗೆ ಗೆಣಸು ಕಂಡರೆ ಆಗುತ್ತಿರಲಿಲ್ಲ. ಶಿವರಾತ್ರಿಯ ದಿನ ಓಣಿಯ ಎಲ್ಲ ಮನೆಯಲ್ಲೂ ಗೆಣಸು ಬೇಯುತ್ತಿತ್ತು. ಅವರು ವಾಸನೆ ಎದ್ದೊಡನೆ ಛತ್ರಿ ಹಿಡಿದು ಹೊರಟು, ಬಸ್ಸು ಹತ್ತಿ ಕಮಲಾಪುರದ ಕೆರೆ ದಂಡೆಗೆ ಹೋಗಿ ಕೂತು, ವಾಸನೆ ಅಡಗಿದ ಮೇಲೆ ಬರುತ್ತಿದ್ದರು. "ನನ್ನ ಪಾಲಿನ ಗೆಣಸು ನಾ ಎಂದೋ ತಿಂದು ಮುಗಿಸೀನವ್ವಾ. ಶಿವನಿಗೂ ಗೊತ್ತೈತಿ" ಎನ್ನುತ್ತಿದ್ದರು.

ಅದು ಸುಳ್ಳಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಬ್ರಿಟಿಷರ ಪಲ್ಟನ್ನಿಗೆ ಸೇರಿದವರು ಸಿಂಗಪುರದಲ್ಲಿ ಜಪಾನಿಯರ ಕೈಗೆ ಸಿಕ್ಕಿದ್ದರು. ಜಪಾನಿಯರು ಅವರನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿ, ಪೆಸಿಫಿಕ್ ಸಮುದ್ರದ ಯಾವುದೋ ನಡುಗಡ್ಡೆಗೆ ಒಯ್ದು, ಯುದ್ಧ ಮುಗಿಯುವ ತನಕ ಕಂದಕ ತೋಡಿಸಿದರು. ಊಟಕ್ಕೆ ಗೆಣಸು. ಗೆಣಸು ಇಲ್ಲದ ದಿನ ಗೆಣಸಿನ ಸೊಪ್ಪು.

ಅಷ್ಟು ವರ್ಷದ ಸೆರೆಯ ಬಗ್ಗೆ ತಾತ ನಮಗೆ ಹೇಳಿದ್ದು ಒಂದೇ ಒಂದು ದಿನದ ಕತೆ. ಅಮೆರಿಕಾದವರ ವಿಮಾನಗಳು ನಡುಗಡ್ಡೆಯ ಮೇಲೆ ಬಂದು ಬಾಂಬು ಹಾಕಿದ ದಿನ. ಸಂಜೆ ಜಗಲಿಯ ಮೇಲೆ ಕೂತರೆ ತಂಬಿಗೆ ಗುಡ್ಡವಾಗುತ್ತಿತ್ತು, ಊಟದ ತಟ್ಟೆ ಸಮುದ್ರವಾಗುತ್ತಿತ್ತು, ಅವರ ಹೆಂಡತಿ ಅಜ್ಜಿಯ ಎಲೆಅಡಿಕೆ ಚೀಲ ಜಪಾನಿಯರ ಠಾಣ್ಯವಾಗುತ್ತಿತ್ತು. ಬಾಂಬು ಜೋರಾಗಿ ಬೀಳುವ ಹೊತ್ತಿಗೆ ಸರಿಯಾಗಿ ಅಜ್ಜಿ ಬಂದು ಠಾಣ್ಯವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಗೊಣಗುವುದೂ ಕೇಳಿಸುತ್ತಿತ್ತು. ನಾನು ಮದುವೆಯಾಗಿ ಆ ಓಣಿಗೆ ಬಂದ ವರ್ಷ ಕತೆಯಲ್ಲಿ ನಾಲ್ಕೇ ನಾಲ್ಕು ವಿಮಾನ ಬಂದಿದ್ದವು. ನನಗೆ ಎರಡನೆಯ ಮಗು ಹುಟ್ಟುವಷ್ಟರಲ್ಲಿ ಆಕಾಶವೇ ಕಾಣದಷ್ಟಾಗಿದ್ದವು.

"ನಮ್ಮೋರು ಬಂದ್ರು, ಬಿಡಿಸ್ಕೊಂಡು ಹೋಗ್ತಾರ ಅಂತ ಎದ್ದು ನಿಂತು ಟುವಾಲು ಬೀಸಾಕತ್ತಿದ್ದೆ ನೋಡವ್ವಾ. ಕಾವಲಿಗಿದ್ದ ಜಪಾನಿನ ಹುಡುಗ, ಇನ್ನೂ ಮೀಸಿ ಬಂದಿದ್ದಿಲ್ಲ ಅವಗ, ಓಡಿ ಬಂದು ಕಪಾಳಕ್ಕ ಬಾರಿಸಿದ. ಎಲ್ಲಾರ ಮುಂದ!"

"ಆಮ್ಯಾಲೆ, ತಾತ?"

"ಆಮ್ಯಾಲೇನು? ಅಷ್ಟ. ಆ ಏಟು ಒಬ್ಬ ಜಪಾನಿಗೆ ವಾಪಸ್ ಕೊಡೋತನಕ ನಾ ಸಾಯಂಗಿಲ್ಲ."

ಕತೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಹೊಸಪೇಟೆಯಲ್ಲಿ ಜಪಾನಿ ಎಲ್ಲಿ ಸಿಗಬೇಕು? ತಾತನಿಗೆ ಸಾವೇ ಇಲ್ಲ ಎಂದು ಓಣಿಯವರೆಲ್ಲ ನಗುತ್ತಿದ್ದೆವು.

ಅಷ್ಟರಲ್ಲಿ ತೋರಣಗಲ್ಲಿನ ಕಡೆ ಉಕ್ಕಿನ ಕೆಲಸ ಜೋರಾಯಿತು. ಯಂತ್ರ ಕೂಡಿಸಲು ಜಪಾನಿನಿಂದ ಎಂಜಿನಿಯರುಗಳು ಬಂದರು. ಅವರಲ್ಲೊಬ್ಬರನ್ನು ಓಡಾಡಿಸುವ ಬಾಡಿಗೆ ಕಾರು ನಮ್ಮ ಮನೆಯವರದು. ಸುದ್ದಿಯನ್ನು ಮೊದಲು ಮುಟ್ಟಿಸಿದ್ದು ಕ್ಷೌರದಂಗಡಿಯವನು. "ತಾತ, ನಿಮ್ಮ ಮಾಲು ಬಂದೈತಿ ನೋಡ್ರಿ" ಎಂದನಂತೆ.

ಮರುದಿನದಿಂದ ತಾತ ಬಲಗೈಗೆ ಔಡಲೆಣ್ಣೆ ತಿಕ್ಕತೊಡಗಿದರು. ಅಲ್ಲಿಯವರೆಗೆ ಒಂದು ತಂಬಿಗೆ ಎತ್ತದವರು ನಲ್ಲಿಯಿಂದ ಕೊಡ ಹೊತ್ತು ತಂದರು. ರಟ್ಟೆ ಗಟ್ಟಿಯಾಗಬೇಕಲ್ಲ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಹಾಗೆ. ಅಜ್ಜಿ ಮಾತ್ರ ಖುಷಿಯಾಗಿದ್ದರು. "ಹೊಡಿಯೋದು ಬಿಡೋದು ಆಮ್ಯಾಲಿನ ಮಾತು. ನಲವತ್ತು ವರ್ಷದಾಗ ಮೊದಲನೇ ಸಲ ಮನಿಗೆ ನೀರು ತಂದ್ರು" ಎಂದರು. ನಮ್ಮ ಮನೆಯವರಿಗೆ ಮಾತ್ರ ನಿದ್ದೆ ಇಲ್ಲ. ತಾತ ಕೈ ಎತ್ತಿದರೆ ಹೋಗುವುದು ಇವರ ಬಾಡಿಗೆ. ಹಾಗಾಗಿ ಎಂಜಿನಿಯರನ್ನು ಹಂಪಿಗೆ ಕರೆದೊಯ್ಯುವಾಗಲೆಲ್ಲ ನಮ್ಮ ಓಣಿಯನ್ನು ತಪ್ಪಿಸಿ ಊರು ಸುತ್ತಿಕೊಂಡು ಹೋಗುತ್ತಿದ್ದರು. "ಲೇ ತಮ್ಮಾ, ಒಂದ ಒಂದು ಸಲ ಕರಕೊಂಡು ಬಾರಲೇ. ಭಾಳ ಹೊಡಿಯಂಗಿಲ್ಲ, ಒಂದ ಏಟು" ಎಂದು ತಾತ ಗೋಗರೆಯುತ್ತಿದ್ದರು.

ಒಂದು ಭಾನುವಾರ ಹಂಪಿಯಿಂದ ಬರುವಾಗ ಕಾರು ಕಾಯ್ದು ಹೊಗೆ ಬಿಟ್ಟು ನಿಂತಿತು. ನಿಂತಿದ್ದಾದರೂ ಎಲ್ಲಿ, ನಮ್ಮ ಓಣಿಯ ಬಾಯಲ್ಲೇ. ಬಿಸಿಲು ಬೆಂಕಿ. ಅತಿಥಿಯನ್ನು ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ. ಇವರು ದೇವರ ಮೇಲೆ ಭಾರ ಹಾಕಿ ಮನೆಗೆ ಕರೆತಂದರು. ಐವತ್ತರ ಆಸುಪಾಸಿನ ಸಣ್ಣ ಮನುಷ್ಯ, ತಲೆಗೆ ಬಟ್ಟೆಯ ಟೊಪ್ಪಿಗೆ, ಕೆಂಪಾದ ಮೂಗು. ತಾತ ಜಗಲಿಯಿಂದ ಎದ್ದು ನಿಂತರು. ಓಣಿಗೆ ಓಣಿಯೇ ಬಾಗಿಲಿಗೆ ಬಂತು.

ಎಂಜಿನಿಯರು ಟೊಪ್ಪಿಗೆ ತೆಗೆದು ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ನಮ್ಮ ಮಿಲಿಟರಿ ತಾತ ಏನು ಮಾಡಬೇಕು? ಅವರೂ ಸೊಂಟದವರೆಗೆ ಬಾಗಿಬಿಟ್ಟರು. ಜಪಾನಿಯರನ್ನು ಕಂಡರೆ ಬಾಗಬೇಕೆಂದು ಸೆರೆಯಲ್ಲಿ ಕಲಿಸಿದ ಪಾಠವನ್ನು ಸೊಂಟ ಮರೆತಿರಲಿಲ್ಲ. ಹಿರಿಯರು ಬಾಗಿದರಲ್ಲ ಎಂದು ಎಂಜಿನಿಯರು ಇನ್ನೂ ಕೆಳಗೆ ಬಾಗಿದರು. ತಾತನೂ ಬಾಗಿದರು. ಕೊನೆಗೆ ಅಜ್ಜಿಯೇ "ಸಾಕು ಬಿಡ್ರಿ, ನಡಾ ಹಿಡಿತೈತಿ" ಎಂದು ನಿಲ್ಲಿಸಿ ಇಬ್ಬರನ್ನೂ ತಮ್ಮ ಮನೆಯೊಳಗೆ ಕರೆದು ಚಾಪೆಯ ಮೇಲೆ ಕೂಡಿಸಿದರು. ತಾತನ ಮುಖ ಸಿಟ್ಟಿಗೆ ಕಪ್ಪಾಗಿತ್ತು. ಸಿಟ್ಟು ತಮ್ಮ ಸೊಂಟದ ಮೇಲೆ.

ಮನೆಗೆ ಬಂದವರಿಗೆ ಏನಾದರೂ ಕೊಡದೆ ಇರುವುದುಂಟೆ? ಅಜ್ಜಿ ಮಂಡಕ್ಕಿ ಒಗ್ಗರಣೆ ಮಾಡಿ, ಬಿಸಿ ಮಿರ್ಚಿ ಬಜ್ಜಿ ಕರಿದು ತಂದರು. ತಾತ ರೊಟ್ಟಿ ತಿನ್ನುವಾಗ ಸೆರೆಯಲ್ಲಿ ಹಾಜರಿಗೆ ಕೂಗಿಸುತ್ತಿದ್ದ ಜಪಾನಿ ಲೆಕ್ಕದಲ್ಲೇ ರೊಟ್ಟಿ ಎಣಿಸುತ್ತಿದ್ದರು. ಕೇಳಿ ಕೇಳಿ ಅಜ್ಜಿಗೂ ಅದೇ ರೂಢಿ. ಎಂಜಿನಿಯರ ತಟ್ಟೆಗೆ ಮಿರ್ಚಿ ಹಾಕುತ್ತಾ "ಇಚಿ... ನಿ... ಸಾನ್..." ಎಂದರು. ಆ ಮನುಷ್ಯ ಬೆಚ್ಚಿ ಸೆಟೆದು ಕೂತ. ಹೊಸಪೇಟೆಯ ಮುದುಕಿ ತನ್ನ ಭಾಷೆಯಲ್ಲಿ ಎಣಿಸುವುದನ್ನು ಕೇಳಿ, ಬೇಡ ಎನ್ನುವ ಧೈರ್ಯ ಬರದೆ, ಇಡೀ ಮಿರ್ಚಿಯನ್ನು ಬಾಯಿಗೆ ಹಾಕಿಕೊಂಡ.

ನಮ್ಮ ಕಡೆಯ ಮೆಣಸಿನಕಾಯಿ. ಕಣ್ಣು ಹೊರಗೆ ಬಂತು, ಕೆಮ್ಮು ಹತ್ತಿತು, ಉಸಿರು ಸಿಗದಾಯಿತು. ನಾನು ನೀರಿಗೆ ಓಡಿದೆ. ತಿರುಗಿ ನೋಡಿದರೆ ತಾತ ಎದ್ದು ನಿಂತಿದ್ದಾರೆ. ಎಣ್ಣೆ ತಿಕ್ಕಿದ ಬಲಗೈ ಮೇಲೆ ಹೋಗಿದೆ. ನಮ್ಮ ಮನೆಯವರು "ತಾತಾ, ಬ್ಯಾಡ್ರಿ!" ಎಂದು ಕೂಗಿದರು.

ಕೈ ಇಳಿಯಿತು. ಎಂಜಿನಿಯರ ನೆತ್ತಿಯ ಮೇಲೆ. ನಮ್ಮಲ್ಲಿ ಯಾರಿಗೆ ನೆತ್ತಿ ಹತ್ತಿದರೂ ಹಿರಿಯರು ತಟ್ಟುವುದಿಲ್ಲವೆ, ಹಾಗೆ ತಪತಪ ತಟ್ಟುತ್ತಾ, "ಸಾವಕಾಶ ಮಗನ, ಸಾವಕಾಶ... ಊರಾಗ ಯಾರೋ ನೆನಸಾಕತ್ಯಾರ ನೋಡು. ನಿಮ್ಮವ್ವ ಇರಬೇಕು" ಎಂದರು. ಕೆಮ್ಮು ನಿಂತ ಮೇಲೂ ಕೈ ತೆಗೆಯಲಿಲ್ಲ. ಆ ಮನುಷ್ಯನೂ ತಲೆ ಎತ್ತದೆ, ಮೂಗು ಒರೆಸಿಕೊಳ್ಳುತ್ತಾ, ಸುಮ್ಮನೆ ತಟ್ಟಿಸಿಕೊಳ್ಳುತ್ತಾ ಕೂತಿದ್ದ.

ಕಾರು ತಣ್ಣಗಾಗಿ ಹೊರಟುಹೋದ ಮೇಲೆ ಓಣಿಯವರಿಗೆ ಭಾಳ ನಿರಾಸೆ. "ಹೊಡಿಲಿಲ್ಲಲ್ರೀ ತಾತ!" ಎಂದು ಕ್ಷೌರದಂಗಡಿಯವನು ಕೆಣಕಿದ. "ನಾ ಹೊಡದದ್ದು ನೀ ನೋಡ್ಲಿಲ್ಲೇನ್ಲೇ? ಒಂದಲ್ಲ, ಹತ್ತು ಹೊಡದೀನಿ" ಎಂದು ತಾತ ನಗೆಯಾಡಿ ಅವನನ್ನು ಸಾಗಹಾಕಿದರು.

ಎಲ್ಲರೂ ಹೋದರು. ನಾನು ತಟ್ಟೆ ಎತ್ತಲು ಬಗ್ಗಿದಾಗ, ಯಾವಾಗಲೂ ಕೇಳುವಂತೆ ತಮಾಷೆಗೇ ಕೇಳಿದೆ. "ಆ ದಿನ ಅವ ಕಪಾಳಕ್ಕ ಹೊಡದ. ಆಮ್ಯಾಲೆ, ತಾತ?"

ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಾ ಹೇಳಿದರು. "ಹೊಡದು ನನ್ನ ಕಂದಕಕ್ಕ ಕೆಡವಿದನವ್ವಾ. ಮ್ಯಾಲೆ ತಾ ಬಿದ್ದ. ನಾ ನಿಂತಿದ್ದ ಜಾಗದಾಗ ಬಾಂಬು ಬಿತ್ತು. ನಾ ಎದ್ದೆ. ಅಂವ ಏಳಲಿಲ್ಲ... ನಮ್ಮೋರು ಬಂದ್ರು ಅಂತ ನಾ ಟುವಾಲು ಬೀಸಿದ್ನಲ್ಲ, ಆ ನಮ್ಮೋರ ಬಾಂಬವ್ವಾ ಅದು."

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಅವರಿಗೂ ಅದು ಹೊಸದು. ಅಷ್ಟು ವರ್ಷ ಸಂಸಾರ ಮಾಡಿದ ಗಂಡನ ಮುಖವನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದರು. "ಅವನಂಥಾ ಒಬ್ಬನ್ನ ಒಂದ ಸಲ ಮುಟ್ಟಬೇಕಿತ್ತು. ಹೊಡಿತೀನಿ ಅನ್ನೋದು ಸಸಾರ. ಮುಟ್ಟಬೇಕು ಅಂತ ಯಾರ ಮುಂದ ಹೇಳ್ಲಿ?" ಎಂದು ತಾತ ಗೋಡೆಯ ಕಡೆ ತಿರುಗಿದರು.

ವಿಮಾನಗಳ ಕತೆಯನ್ನು ಮತ್ತೆ ಅವರ ಬಾಯಿಂದ ಕೇಳಲಿಲ್ಲ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ತಾತ ಹೋದರು. ಕೆಲವು ವರ್ಷಕ್ಕೆ ಅಜ್ಜಿಯೂ. ಆ ಜಗಲಿ ಇದ್ದಲ್ಲಿ ಈಗ ಮೋಟಾರು ಸೈಕಲ್ಲುಗಳು ನಿಲ್ಲುತ್ತವೆ. ಕ್ಷೌರದಂಗಡಿಯವನ ಮಗನಿಗೆ ಆ ಕತೆ ಗೊತ್ತೇ ಇಲ್ಲ.

ಇದನ್ನೆಲ್ಲ ಸೊಸೆಗೆ ಹೇಳುತ್ತಾ ಹೇಳುತ್ತಾ, ಅಷ್ಟು ನಕ್ಕವಳು ಯಾವಾಗ ಅಳುವುದಕ್ಕೆ ಶುರು ಮಾಡಿದೆನೋ ತಿಳಿಯಲಿಲ್ಲ. ಅವಳು ಗಾಬರಿಯಾಗಿ, "ಅವರು ನಿಮಗೇನಾಗಬೇಕಿತ್ರಿ, ಅತ್ತಿ?" ಎಂದು ಕೇಳಿದಳು.

"ಏನೂ ಆಗಬೇಕಿದ್ದಿಲ್ಲವ್ವಾ" ಎಂದೆ. ಆ ಜಪಾನಿನ ಹುಡುಗ ತಾತನಿಗೆ ಏನಾಗಬೇಕಿತ್ತು?