ಬೂದಿಬಣ್ಣದ ಚಾಳೀಸು

ವರ್ಷಾನುಗಟ್ಟಲೆ ಮುಚ್ಚಿದ್ದ ಮ್ಯಾಲಿನ ಖೋಲಿ ಮೊನ್ನೆ ತಗದು ಕಸ ಹೊಡಿಯಾಕತ್ತಿದ್ದೆ. ಗ್ವಾಡಿ ಗೂಡಿನ್ಯಾಗ ರಟ್ಟಿನ ಚಾಳೀಸೊಂದು ಸಿಕ್ತು. ಸೀರಿ ಡಬ್ಬಿ ಕತ್ತರಿಸಿ, ಕಣ್ಣಿನ ಜಾಗಾಕ್ಕ ಬೂದಿಬಣ್ಣದ ಹಾಳಿ ಅಂಟಿಸಿದ್ದು. ಅಂಟಿನ ವಾಸನಿ ಯಾವಾಗೋ ಹೋಗೇತಿ... ಆದ್ರೂ ಹುಚ್ಚಿಯಂಗ ಮೂಗಿಗೆ ಹಿಡದೆ.

ಅದನ್ನ ಮಾಡಿದವ್ರು ನಮ್ಮ ಸಾಲಿ ವಿಜ್ಞಾನದ ಟೀಚರ್. ಯಲ್ಲಾಪುರ ಕಡಿ ಸಿದ್ದಿ ಮಂದಿ. ಕಪ್ಪು ಮೈ, ಗುಂಗುರು ಕೂದಲಾ. ಬನಹಟ್ಟಿ ಓಣ್ಯಾಗ ಅವರು ನಡದ್ರ ಮಂದಿ ಮಗ್ಗ ನಿಲ್ಲಿಸಿ ಬಾಗಲಕ್ಕ ಬರ್ತಿದ್ರು. "ಆಫ್ರಿಕಾದವ್ರೇನ್ರಿ?" ಅಂದ್ರ, "ಯಲ್ಲಾಪುರದವಳು. ಸಾಲದಾ?" ಅಂತಿದ್ರು. ಊರಾಗ ಮನಿ ಸಿಗದs, ಜಮಖಂಡಿ ಹಾಸ್ಟೆಲಿನ್ಯಾಗ ಇದ್ದು ದಿನಾ ಬಸ್ಸಿಗೆ ಬರ್ತಿದ್ರು. ತಾಯಿಗೆ ದಮ್ಮು, ಕರಕೊಂಡು ಬಂದು ಜೋಡಿ ಇಟ್ಕೊಬೇಕಂತ ಅವರ ಜೀವ ಒದ್ದಾಡ್ತಿತ್ತು.

ಸಾಲಿ ವಾರ್ಷಿಕ ಗ್ಯಾದರಿಂಗಿಗೆ ಅವರs ನಾಟಕ ಬರದ್ರು. ಮುಂದ ಯಾವದೋ ಕಾಲದ ಊರು. ಹುಟ್ಟಿದ ಕೂಸಿಗೆಲ್ಲಾ ಬೂದಿಬಣ್ಣದ ಚಾಳೀಸು ಹಾಕ್ತಾರ. ಕರಿಯ, ಬಿಳಿಯ ಅನ್ನೂದs ಇಲ್ಲ. ಆದ್ರ ಒಬ್ಬಾಕಿಗೆ ಮಾತ್ರ ಬಾಡಿಗಿ ಮನಿ ಸಿಗೂದಿಲ್ಲ. ಮನಿ ಮಾಲಕನ ಪಾರ್ಟು ನಂದು. ಅಂಟಿಸಿದ ಮೀಸಿ ತಿರುವಿ, "ನಮಗ ಬಣ್ಣಾನ ಕಾಣಂಗಿಲ್ಲವ್ವಾ!" ಅಂತ ಬಾಗಲಾ ಹಾಕೂದು. ಕಡೀಕ ಆಕಿ ಚಾಳೀಸು ಕಿತ್ತು ಅಂತಾಳ: "ಕಣ್ಣು ತುಂಬ ನೋಡ್ರಿ ನನ್ನ. ನೋಡಿ, ಆಮ್ಯಾಲೆ ಮನಿ ಕೊಡ್ರಿ." ನಮ್ಮಪ್ಪ ಎದ್ದು ನಿಂತು ಚಪ್ಪಾಳಿ ಹೊಡದ.

ಬೆಂಕಿ ಹಚ್ಚ ಆ ಚಪ್ಪಾಳಿಗೆ! ಅದನ್ನ ನಂಬಿ ಟೀಚರ್ ಮರುದಿನ ನಮ್ಮ ಮನಿಗೆ ಬಂದ್ರು. ನೆನಪಿಗಿರ್ಲಿ ಅಂತ ಮಾಲಕನ ಚಾಳೀಸು ನನಗಂತ ತಂದಿದ್ರು. ಖಾಲಿ ಇದ್ದ ಮ್ಯಾಲಿನ ಖೋಲಿ ನಾನs ತೋರಿಸಿದೆ. ಚಾಳೀಸು ಗೂಡಿನ್ಯಾಗಿಟ್ಟು ಕಿಡಕಿ ತಗದ್ರು. "ಅಮ್ಮನಿಗೆ ಗಾಳಿ ಚೆನ್ನಾಗಿದೆ" ಅಂದ್ರು. ಅವರು ಅಷ್ಟು ಖುಷಿಯಾಗಿದ್ದನ್ನ ನಾ ಮತ್ತ ನೋಡಲಿಲ್ಲ...

ಕೆಳಗ ಅಪ್ಪ ಚಾ ಕೊಡಿಸಿದ. "ನಾವು ಬಣ್ಣ ಗಿಣ್ಣ ನೋಡೂ ಮಂದಿ ಅಲ್ಲರೀ ಟೀಚರ. ಆದ್ರ ಖೋಲ್ಯಾಗ ನೂಲು ಇಡೂದೈತಿ."

ಟೀಚರ್ ನನ್ನ ಮಾರಿ ನೋಡಿದ್ರು. ನಾಟಕದ ಮಾತು ಇಬ್ಬರಿಗೂ ನೆನಪಾಗಿತ್ತು. "ಇರಲಿ ಬಿಡಿ" ಅಂತ ಎದ್ರು. ಚಾ ಅರ್ಧಾ ಉಳೀತು. ಬ್ಯಾಸಗಿ ಸೂಟಿ ಮುಗಿಯೂದ್ರಾಗ ವರ್ಗಾ ಮಾಡಿಸಿಕೊಂಡು ಹ್ವಾದ್ರು. ಎಲ್ಲಿ ಅದಾರೋ, ತಾಯಿ ಏನಾದ್ರೋ... ಗೊತ್ತಿಲ್ಲ.

ಈಗ ಈ ಮನ್ಯಾಗ ನಾ ಒಬ್ಬಾಕಿ. ಬೈಬೇಕಂದ್ರ ಅಪ್ಪನೂ ಇಲ್ಲ. ಚಾಳೀಸು ಕೈಯಾಗ ಹಿಡಕೊಂಡು ಕಿಡಕಿ ತಗದೆ. ಗಾಳಿ ಖರೇನ ಛಲೋ ಬರ್ತೈತಿ. ಆ ಖೋಲ್ಯಾಗ ಇವತ್ತಿನತನಕ ಒಂದು ಎಳಿ ನೂಲು ಇಟ್ಟಿಲ್ಲ.