ಡಾಕ್ಟರಬಾಯಿಯ ಕರಿ ಕಾರು

ಅವರ ಬಲಗೈ ತೋರುಬೆರಳಿನ ಉಗುರಿನ ಅಂಚಿಗೆ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಮೊದಲು ಸೀಮೆಎಣ್ಣೆಯಿಂದ ಒರೆಸಿ, ಆಮೇಲೆ ಸಾಬೂನು ಹಚ್ಚಿ ಬ್ರಶ್ಶಿನಿಂದ ಮೊಣಕೈವರೆಗೆ ಉಜ್ಜಿದರೂ ಆ ಗೆರೆ ಹೋಗುತ್ತಿರಲಿಲ್ಲ. ಹೆರಿಗೆ ಕೋಣೆಗೆ ಹೋಗುವಾಗ, ಕೈಗವಸು ಹಾಕಿಕೊಳ್ಳುವ ಮೊದಲು, ಆ ಬೆರಳನ್ನು ಬೆಳಕಿಗೆ ಹಿಡಿದು ತಮ್ಮಷ್ಟಕ್ಕೆ ತಾವೇ ಸಿಡುಕುತ್ತಿದ್ದರು. ಹೊಸದಾಗಿ ಬಂದ ಬಸುರಿಯರು ಅದನ್ನು ನೋಡಿ ಹಿಂಜರಿದರೆ, "ಗಾಡಿ ಎಣ್ಣಿ ಅದು, ಹೊಲಸಲ್ಲ. ಗಾಡಿ ಇಲ್ಲಂದ್ರ ನಿಮ್ಮೂರಿಗೆ ನಾ ಹೆಂಗ ಬರ್ಲಿ?" ಎನ್ನುತ್ತಿದ್ದರು.

ಮಿರಜದ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಅವರ ಸಣ್ಣ ಹೆರಿಗೆ ಆಸ್ಪತ್ರೆ. ನಾವೆಲ್ಲ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದೆವು, ಎದುರಿಗೆ ಬಾಯಾರು. ತಾಯಿ ಕನ್ನಡದವರಾದ್ದರಿಂದ ಅವರಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಹತ್ತಿರದ ಆರಗ ಎಂಬ ಊರಿನಿಂದ ನರ್ಸಿನ ಕೆಲಸಕ್ಕೆಂದು ಬಂದ ನನ್ನನ್ನು ಮೊದಲ ದಿನದಿಂದಲೇ "ತಂಗಿ" ಎಂದು ಕರೆದರು. ಅವರು ಕುಳಿತದ್ದನ್ನು ನಾನು ಕಂಡದ್ದೇ ಕಡಿಮೆ. ಚಹಾ ಕೂಡ ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಅಂಗಳದಲ್ಲಿ ಅಡ್ಡಾಡುತ್ತಲೇ ಕುಡಿಯುತ್ತಿದ್ದರು. ನಾನು ಯಾವುದಕ್ಕಾದರೂ "ಹಂಗ ಇರಬೇಕ್ರಿ" ಎಂದೆನೋ, ಮುಗಿಯಿತು. "ಇರಬೇಕು ಅಂದ್ರ? ಐತೋ, ಇಲ್ಲೋ?" ಅವರ ಜೊತೆ ಒಂದು ಇಡೀ ದಿನ ಕಳೆದರೆ ನನಗೆ ತಲೆ ಸುತ್ತುತ್ತಿತ್ತು. ಈ ಹೆಂಗಸು ಒಂದಿಷ್ಟು ಹೊತ್ತು ಸುಮ್ಮನಿರಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ.

ಆಗ ಎಲ್ಲಿ ನೋಡಿದರೂ ಸಹಕಾರಿ ಸಂಘಗಳ ಬೋರ್ಡು. ಸಕ್ಕರೆ ಕಾರ್ಖಾನೆ, ನೂಲು ತೆಗೆಯುವ ಸೂತಗಿರಣಿ, ಹಾಲಿನ ಸಂಘ. ಅಂಥದೊಂದು ಕಾರ್ಖಾನೆಯವರು ಹೊಸ ಜೀಪು ತಂದಾಗ ತಮ್ಮ ಹಳೇ ಕರಿ ಕಾರನ್ನು ತೆಗೆದುಹಾಕಿದರು. ಅದನ್ನು ಡಾಕ್ಟರಬಾಯಿ ಕೊಂಡರು. ಬಸ್ಸು ಹೋಗದ ಗಡಿಹಳ್ಳಿಗಳಿಗೆ ಹೆರಿಗೆಗೆ ಹೋಗಲು ಅವರಿಗೆ ಗಾಡಿ ಬೇಕೇ ಬೇಕಿತ್ತು.

ಗಾಡಿ ಬಂತು, ನೆಮ್ಮದಿ ಹೋಯಿತು. ಮುಂಜಾನೆ ಎಂಜಿನ್ನು ಹತ್ತದಿದ್ದರೆ ಗ್ಯಾರೇಜಿನ ಒಬ್ಬ ಮಿಸ್ತ್ರಿ ಪ್ಲಗ್ಗು ಕೆಟ್ಟಿದೆ ಎನ್ನುತ್ತಿದ್ದ, ಇನ್ನೊಬ್ಬ ಕಾಯಿಲ್ ಸುಟ್ಟಿದೆ ಎನ್ನುತ್ತಿದ್ದ, ಮೂರನೆಯವನು ಮೊದಲಿನಿಬ್ಬರೂ ಕಳ್ಳರು ಎನ್ನುತ್ತಿದ್ದ. ಡಾಕ್ಟರಬಾಯಿಗೆ ರಿಪೇರಿಯ ಕಷ್ಟಕ್ಕಿಂತ ಇದೇ ದೊಡ್ಡ ಸಂಕಟವಾಯಿತು. "ರೋಗಿ ಒಂದ ಐತಿ, ರೋಗ ಹತ್ತು ಹೇಳ್ತಾರ. ಖರೇ ಯಾವುದು ಅಂತ ಯಾರನ್ನ ಕೇಳೂದು, ತಂಗಿ?" ಎಂದು ನನ್ನನ್ನು ಕೇಳುತ್ತಿದ್ದರು, ನನಗೇನೋ ಗೊತ್ತಿದ್ದವರ ಹಾಗೆ.

ಕೊನೆಗೆ ತಾವೇ ಕೈಹಾಕಿದರು. ಸಾಂಗ್ಲಿಯ ರದ್ದಿ ಅಂಗಡಿಯಲ್ಲಿ ಹುಡುಕಿ ಹುಡುಕಿ ಕಾರಿನ ರಿಪೇರಿಯ ಒಂದು ಇಂಗ್ಲಿಷ್ ಪುಸ್ತಕ ತಂದರು. ಎರಡು ದಿನ ಸಂಭ್ರಮ. ಮೂರನೆಯ ದಿನ ಬಾನೆಟ್ಟು ತೆರೆದು, ಪುಸ್ತಕದ ಚಿತ್ರವನ್ನೂ ಎಂಜಿನ್ನನ್ನೂ ಹೋಲಿಸಿ, ತಲೆಗೆ ಕೈಹಚ್ಚಿ ನಿಂತರು. ಆ ಪುಸ್ತಕ ಅದೇ ಕಂಪನಿಯ ಬೇರೊಂದು ಕಾರಿನದು. ಅರ್ಧ ಹೊಂದುತ್ತಿತ್ತು, ಅರ್ಧ ಹೊಂದುತ್ತಿರಲಿಲ್ಲ. ಹೊಂದುವ ಅರ್ಧ ಯಾವುದೆಂದು ತಿಳಿಯಲು ಅವರು ಬಸ್ ಡಿಪೋದ ಫಿಟ್ಟರುಗಳನ್ನು ಕೇಳಿದರು, ರೈಲ್ವೆಯವರನ್ನು ಕೇಳಿದರು. ಹೆಂಡತಿಯನ್ನು ತೋರಿಸಲು ಬಂದ ಲಾರಿ ಡ್ರೈವರನೊಬ್ಬನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕ್ಲಚ್ಚಿನ ಬಗ್ಗೆ ಕೇಳತೊಡಗಿದಾಗ ಆ ಹೆಂಡತಿ, "ಬಾಯಾರ, ಮೊದಲ ನನ್ನ ನೋಡ್ರಿ" ಎಂದು ಒಳಗಿನಿಂದ ಕೂಗಿದ್ದುಂಟು.

ಹೀಗಿರುವಾಗ ಬ್ರೇಕಿನ ಪೆಡಲು ಮೆತ್ತಗಾಯಿತು. ಬ್ರೇಕಿಗೆಂದೇ ಬರುವ ಎಣ್ಣೆ ಆಗ ಊರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಜಮಖಂಡಿ ಕಡೆಯಿಂದ ಬಂದು ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜು ಹಾಕಿಕೊಂಡಿದ್ದ ಮಿಸ್ತ್ರಿ, ಎಂಜಿನ್ನಿಗೆ ಹಾಕುವ ಎಣ್ಣೆಯನ್ನೇ ಅದಕ್ಕೂ ಸುರಿದ. "ಎಣ್ಣಿ ಎಣ್ಣೀನ ಅಲ್ರೀ ಬಾಯಾರ, ಏನೂ ಆಗೂದಿಲ್ಲ" ಎಂದ. ಪೆಡಲು ಗಟ್ಟಿಯಾಯಿತು. ಆದರೆ ಡಾಕ್ಟರಬಾಯಿಗೆ ಸಮಾಧಾನವಾಗಲಿಲ್ಲ. ಡಿಪೋದಲ್ಲಿ ಕೇಳಿದರು. ಒಬ್ಬ ನಡೆಯುತ್ತದೆ ಎಂದ, ಇನ್ನೊಬ್ಬ ಒಳಗಿನ ರಬ್ಬರು ಕೆಡುತ್ತದೆ ಎಂದ. ಪುಸ್ತಕದಲ್ಲಿ 'ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ' ಎಂದಿತ್ತೇ ಹೊರತು, ಹಾಕದಿದ್ದರೆ ಏನಾಗುತ್ತದೆಂದು ಇರಲಿಲ್ಲ. ಆಗ ಅವರು ಡಿಪೋದಿಂದ ಒಂದೆರಡು ಚಮಚೆಯಷ್ಟು ಸರಿಯಾದ ಎಣ್ಣೆ ಬೇಡಿ ತಂದು, ಬ್ರೇಕಿನೊಳಗೆ ಎಣ್ಣೆ ಸೋರದಂತೆ ತಡೆಯುವ ಹಳೇ ರಬ್ಬರಿನ ಬಟ್ಟಲೊಂದನ್ನು ಕತ್ತರಿಯಿಂದ ಎರಡು ತುಂಡು ಮಾಡಿದರು. ಇಂಜೆಕ್ಷನ್ನಿನ ಎರಡು ಖಾಲಿ ಬಾಟಲಿಗಳಲ್ಲಿ ಒಂದೊಂದು ಎಣ್ಣೆ ಹಾಕಿ, ಒಂದೊಂದು ತುಂಡು ಮುಳುಗಿಸಿ, ಕಿಟಕಿಯಲ್ಲಿಟ್ಟರು. "ಇನ್ನ ಯಾರನ್ನೂ ಕೇಳೂದು ಬ್ಯಾಡ. ರಬ್ಬರನ್ನ ಕೇಳೂಣು" ಎಂದರು.

ರಬ್ಬರು ಉತ್ತರ ಕೊಡುವ ಮೊದಲೇ ಕರೆ ಬಂತು. ಆರಗದಿಂದಾಚೆ ಕುರಿ ಸಾಕುವವರ ಒಂದು ಹಳ್ಳಿ. ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿದೆ, ತಾಯಿಗೆ ಸುಸ್ತಾಗಿದೆ ಎಂದು ಒಬ್ಬ ಸೈಕಲ್ಲಿನ ಮೇಲೆ ಬಂದು ಹೇಳಿದ. ಮಧ್ಯಾಹ್ನದ ಹೊತ್ತು. ಬಾಡಿಗೆ ಗಾಡಿ ಯಾವುದೂ ಸಿಗಲಿಲ್ಲ. ಡಾಕ್ಟರಬಾಯಿ ಒಮ್ಮೆ ಕಿಟಕಿಯ ಬಾಟಲಿ ನೋಡಿದರು, ಒಮ್ಮೆ ಕಾರು ನೋಡಿದರು.

"ಬ್ರೇಕು ಹಿಡೀತಾವೇನ್ರೀ ಬಾಯಾರ?" ಎಂದೆ.

"ಗೊತ್ತಿಲ್ಲ. ಹತ್ತು."

ಕಬ್ಬಿನ ಹಂಗಾಮು. ರಸ್ತೆಯ ತುಂಬ ಎತ್ತಿನ ಗಾಡಿಗಳು. ಹೆಜ್ಜೆಹೆಜ್ಜೆಗೂ ಬ್ರೇಕು ಒತ್ತಬೇಕಾಗಿತ್ತು. ಆರಗ ಇನ್ನೂ ದೂರವಿರುವಾಗಲೇ ಕಾರು ಭಾರವಾಗತೊಡಗಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಸುಟ್ಟ ವಾಸನೆ ಬಂತು, ಗಾಲಿಯಿಂದ ಹೊಗೆ ಎದ್ದಿತು, ಕಾರು ನಿಂತೇಬಿಟ್ಟಿತು. ಬ್ರೇಕು ಹಿಡಿಯಲಿಕ್ಕಿಲ್ಲ ಎಂದು ನಾವು ಹೆದರಿದ್ದೆವು. ಅದು ಹಿಡಿದದ್ದನ್ನು ಬಿಡಲೊಲ್ಲದು.

ಡಾಕ್ಟರಬಾಯಿ ಗಾಲಿ ಮುಟ್ಟಿ ಕೈಸುಟ್ಟುಕೊಂಡರು. ಪುಸ್ತಕ ತೆಗೆದರು, ಎಸೆದರು. ಕಾರಿನ ಸುತ್ತ ಸುತ್ತಿದರು. ಯಾವುದಾದರೂ ಗಾಡಿ ಆ ಕಡೆ ಹೋಗುತ್ತದೋ ಎಂದು ನಾನು ರಸ್ತೆ ನೋಡುತ್ತ ನಿಂತೆ. ಬರುತ್ತಿದ್ದ ಗಾಡಿಗಳೆಲ್ಲ ಕಬ್ಬು ಹೇರಿಕೊಂಡು ಕಾರ್ಖಾನೆಯ ಕಡೆಗೇ ಮುಖ ಮಾಡಿದ್ದವು. ಬಹಳ ಹೊತ್ತಿನ ಮೇಲೆ ಅವರು ತಟ್ಟನೆ ನಿಂತು, "ಎಣ್ಣಿ ಒಳಗ ಸಿಕ್ಕೊಂಡೈತಿ, ತಂಗಿ. ಹೊಳ್ಳಿ ಹೋಗಾಕ ದಾರಿ ಇಲ್ಲ. ನಾವ ದಾರಿ ಮಾಡಿ ಕೊಡಬೇಕು" ಎಂದರು. ಸೀರೆ ಎತ್ತಿ ಕಟ್ಟಿ ನೆಲಕ್ಕೆ ಮಲಗಿ, ಗಾಲಿಯ ಹಿಂದಿನ ಸಣ್ಣ ತಿರುಪನ್ನು, ನಟ್ಟು ಬಿಚ್ಚುವ ಪಾನಾದಿಂದ ಸಡಿಲಿಸಿದರು. ಎಣ್ಣೆ ಚಿಮ್ಮಿತು. ಗಾಲಿ ಬಿಟ್ಟುಕೊಂಡಿತು. ಮುಂದಿನ ದಾರಿಯುದ್ದಕ್ಕೂ ಬ್ರೇಕಿನ ಪೆಡಲು ಮುಟ್ಟದೆ, ಸಣ್ಣ ಗೇರಿನಲ್ಲಿ, ಕೈಬ್ರೇಕು ಜಗ್ಗುತ್ತ ನಡೆಸಿದರು.

ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು, "ದೇವ್ರು ಕೊಟ್ಟಿದ್ದಿಲ್ಲ, ಬಿಡ್ರಿ. ನೀವರ ಏನ ಮಾಡ್ತೀರಿ" ಎಂದಳು. ಎಲ್ಲರೂ ಹಾಗೇ ಅನ್ನುತ್ತಾರೆ, ಡಾಕ್ಟರು ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಡಾಕ್ಟರಬಾಯಿ ತಲೆಯಾಡಿಸಲಿಲ್ಲ. ಆ ಹುಡುಗಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತರು. ಅವರು ಹಾಗೆ ಕುಳಿತದ್ದು ನನಗೆ ವಿಚಿತ್ರವಾಗಿ ಕಂಡಿತು.

"ನಾ ತಡಾ ಮಾಡಿ ಬಂದೆ, ಮಗಳ. ಗಾಡಿ ದಾರ್ಯಾಗ ನಿಂತಿತ್ತು. ಲಗೂ ಬಂದಿದ್ರ ಕೂಸು ಉಳೀತಿತ್ತೋ ಇಲ್ಲೋ, ನನಗ ಗೊತ್ತಿಲ್ಲ. ತಡಾ ಆತು, ಅದಷ್ಟು ಖರೇ."

ಮಿರಜಕ್ಕೆ ಮರಳಿದ ಕೆಲವು ದಿನಗಳಲ್ಲಿ ಬಾಟಲಿ ಉತ್ತರ ಕೊಟ್ಟಿತು. ಬ್ರೇಕಿನ ಎಣ್ಣೆಯಲ್ಲಿದ್ದ ತುಂಡು ಇದ್ದ ಹಾಗೇ ಇತ್ತು. ಎಂಜಿನ್ ಎಣ್ಣೆಯಲ್ಲಿದ್ದದ್ದು ನೀರು ಕುಡಿದ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಕಾರಿನೊಳಗಿನ ರಬ್ಬರೂ ಹೀಗೇ ಉಬ್ಬಿ ಎಣ್ಣೆಯ ದಾರಿ ಕಟ್ಟಿತ್ತು. ಡಾಕ್ಟರಬಾಯಿ ಎರಡನ್ನೂ ಒಯ್ದು ಮಿಸ್ತ್ರಿಯ ಮುಂದಿಟ್ಟರು. ಜಗಳವಾಗುತ್ತದೆಂದು ನಾನೂ ಹಿಂದೆ ಓಡಿದೆ.

"ನನ್ನ ಉಸ್ತಾದ ಹಿಂಗ ಹೇಳಿಕೊಟ್ಟಿದ್ದ್ರಿ" ಎಂದ ಮಿಸ್ತ್ರಿ, ಬಿರುಸಾಗಿ.

"ಅವನಿಗೆ ಯಾರು ಹೇಳಿದ್ರು?"

"ಅವನ ಉಸ್ತಾದ."

"ಅವರಾಗ ಯಾರರ ಹಿಂಗ ಬಾಟ್ಲ್ಯಾಗ ಹಾಕಿ ನೋಡಿದ್ರೇನು?"

ಮಿಸ್ತ್ರಿ ಉಬ್ಬಿದ ರಬ್ಬರನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದ. "ನಾ ಎಷ್ಟ ಗಾಡಿಗೆ ಹಾಕೇನೋ, ಬಾಯಾರ" ಎಂದ. ಅವನ ಮುಖ ಕಪ್ಪಿಟ್ಟಿತ್ತು. "ಹೋಗಿ ಹೇಳೂಣು, ನಡಿ" ಎಂದರು ಡಾಕ್ಟರಬಾಯಿ. ಇಬ್ಬರೂ ಕೂಡಿ ಆ ಗಾಡಿಗಳ ಮಾಲೀಕರ ಮನೆಗಳಿಗೆ ಹೋಗಿ ಹೇಳಿಬಂದರು. ಕೆಲವರು ಬೈದರು. ಇಬ್ಬರೂ ಬೈಸಿಕೊಂಡರು.

ಆಮೇಲೆ ರವಿವಾರಗಳಂದು ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಮಂದಿ ಕೂಡತೊಡಗಿದರು. ಹಾಲಿನ ಸಂಘದ ವ್ಯಾನಿನವನು, ಸೂತಗಿರಣಿಯ ಫಿಟ್ಟರು, ಸಾಂಗ್ಲಿವಾಡಿಯ ಟ್ರ್ಯಾಕ್ಟರಿನವರು, ಆ ಮಿಸ್ತ್ರಿ. ಯಾರಾದರೂ ಕೆಟ್ಟ ಭಾಗವೊಂದನ್ನು ತಂದು ನಡುವೆ ಇಡುತ್ತಿದ್ದರು. ಮಾತಾಡುವವರು ಮೊದಲು, ತಾವು ಹೇಳುವುದು ಕಂಡದ್ದೋ ಕೇಳಿದ್ದೋ ಎಂದು ಹೇಳಬೇಕು. ಇದು ಡಾಕ್ಟರಬಾಯಿಯ ಕಟ್ಟಳೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಗಾಡಿ ಹೆಚ್ಚು ಓಡುತ್ತದೆಂದು ವಾದಿಸಿದ ವ್ಯಾನಿನವನು "ಕೇಳಿದ್ದ್ರಿ" ಎಂದು ಒಪ್ಪಿಕೊಂಡು, ನಗೆಯ ನಡುವೆ ಕುಳಿತುಬಿಟ್ಟ. ಒಮ್ಮೆ ಡಾಕ್ಟರಬಾಯಿಯೇ ಏನೋ ಜೋರಾಗಿ ಹೇಳುತ್ತಿದ್ದಾಗ ಮಿಸ್ತ್ರಿ ಕೇಳಿದ: "ಬಾಯಾರ, ಕಂಡದ್ದೋ, ಕೇಳಿದ್ದೋ?"

"ಓದಿದ್ದು."

"ಅದೂ ಕೇಳಿದ್ಹಂಗ ಆತಲ್ರಿ."

ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ. ಆದರೆ ಅವರ ಒಳಗಿನ ಕುದಿ ಮಾತ್ರ ಆರಲಿಲ್ಲ. ಕೂಸು ಉಳಿಯದ ಆ ಹಳ್ಳಿಯ ದಾರಿ ಸರಿಯಾಗಬೇಕೆಂದು ಕಚೇರಿಗಳಿಗೆ ಅಲೆದರು. ನನಗೂ ಗಾಡಿ ಕಲಿಸಿದರು, ಬೈದು ಬೈದು.

ವರ್ಷಗಳು ಕಳೆದವು. ಹೃದಯದ ಬೇನೆಯಿಂದ ಅವರು ಮಿರಜದ ದೊಡ್ಡ ದವಾಖಾನೆಯಲ್ಲಿ ಮಲಗಿದ್ದಾಗ, ನೋಡಲು ಬಂದವರೆಲ್ಲ "ಆರಾಮ ಆಗ್ತೀರಿ" ಎನ್ನುತ್ತಿದ್ದರು. ಅವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಕೊನೆಯ ದಿನ ನನ್ನನ್ನು ಸನ್ನೆಯಿಂದ ಕರೆದು, "ಆ ಊರಿನ ಸಡಕ್ ಆತೇನು?" ಎಂದರು.

"ಹಳ್ಳದ ತನಾ ಆಗೇತ್ರಿ. ಮುಂದ ಇನ್ನೂ ಇಲ್ಲ."

"ಮಳಿಗಾಲದಾಗ?" ಎಂದರು. ನಾನು ಉತ್ತರಿಸುವುದರೊಳಗೆ ಉಸಿರು ಎಳೆಯತೊಡಗಿತು. ಆ ಸಂಜೆ ಹೋದರು.

ಮರುದಿನ ಅವರ ಕಾರು ತೆಗೆದುಕೊಂಡು ನಾನೇ ಆ ಹಳ್ಳಿಗೆ ಹೋದೆ. ಅಂದು ಕೂಸು ಕಳೆದುಕೊಂಡ ಹುಡುಗಿ ಈಗ ಮೂರು ಮಕ್ಕಳ ತಾಯಿ. ಸುದ್ದಿ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸುಖದಿಂದ ಹೋದ್ರೇನಕ್ಕಾ?"

ಹೂವು ಎತ್ತಿದ ಹಾಗೆ ಹೋದರು ಎನ್ನುವುದು ನಮ್ಮ ಕಡೆಯ ರೂಢಿ. ಅವಳ ಅತ್ತೆಯೂ ಆ ಮಾತಿಗಾಗಿಯೇ ನನ್ನ ಮುಖ ನೋಡುತ್ತಿದ್ದಳು.

"ಇಲ್ಲವಾ" ಎಂದೆ. "ಉಸಿರಾಡಾಕ ಭಾಳ ತ್ರಾಸ ಆತು. ಕೊನೀತನಾ ಎಚ್ಚರಿದ್ರು. ನಿಮ್ಮೂರಿನ ಸಡಕ್ ಆತೇನು ಅಂತ ಕೇಳಿದ್ರು."

ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತು, "ಅವತ್ತ ನನಗೂ ಖರೇನ ಹೇಳಿದ್ರು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಬಾಯಾರು ಹೋದ ಮೇಲೆ ನನಗೆ ಅಳು ಬಂದದ್ದು ಆಗಲೇ.