ಹುಣಸೆ ಎಲೆ ಮೂಡಿದ ಮೊಟ್ಟೆ

ಪುಟ್ಟೀ, ಚಿನ್ನೂ,

ಮೊಟ್ಟೆ ಬೇಯಿಸುವ ಮುಂಚೆ ನಿಮ್ಮಪ್ಪ ಅದನ್ನು ನೀರಿಗೆ ಬಿಟ್ಟು ನೋಡುತ್ತಾನೆಂದು ನೀವು ನಗುತ್ತೀರಿ. ಅದು ಅವನಿಗೆ ನನ್ನಿಂದ ಬಂದದ್ದು. ನನಗೆ ಬಂದದ್ದು ಮಲ್ಲಿಪಟ್ಟಣದ ನರ್ಸಮ್ಮನಿಂದ. ಬಾಯಲ್ಲಿ ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನಿಗಿಂತ ಮುಂಚೆ ನನಗೊಬ್ಬಳು ಮಗಳಿದ್ದಳು. ಮಾತು ಕಲಿಯುವ ಹೊತ್ತಿಗೆ, ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹಿಡಿಯಿತು. ಗಾಡಿ ಕಟ್ಟಿಸಿ ಅರಕಲಗೂಡಿನ ದೊಡ್ಡಾಸ್ಪತ್ರೆಗೆ ಹೊರಟೆವು. ದಾರಿಯಲ್ಲೇ ಹೋದಳು. ಏನು ತಿಂದಿದ್ದಳೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಿಮ್ಮಪ್ಪ ಹುಟ್ಟಿದ. ಅವನು ಬಾಯಿಗೆ ಏನಿಟ್ಟರೂ ಓಡಿಹೋಗಿ ನೋಡುತ್ತಿದ್ದೆ.

ಅವನ ಹೆರಿಗೆ ಮಾಡಿಸಿದ ನರ್ಸಮ್ಮ ಹಾಸನದ ಕಡೆಯ ಕ್ರೈಸ್ತರು. ಮಲ್ಲಿಪಟ್ಟಣದ ಸಣ್ಣ ಆಸ್ಪತ್ರೆಯ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಈಸ್ಟರ್ ಹಬ್ಬಕ್ಕೆ ಬಣ್ಣ ಹಾಕುವ ಮೊಟ್ಟೆ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ನಿಮ್ಮಪ್ಪನಿಗೆ ನಾಲ್ಕು ತುಂಬಿದ ವರ್ಷ, ರಾಗಿಯೊಳಗೆ ಹುದುಗಿಸಿಟ್ಟಿದ್ದ ಮೊಟ್ಟೆಗಳನ್ನು ತೆಗೆದುಕೊಂಡು ಅವನ ಜೊತೆ ನಾನೇ ಹೋದೆ.

ಅವರು ಒಂದೊಂದನ್ನೂ ನೀರಿಗೆ ಬಿಟ್ಟರು. ಹಳತಾಗಿ ತೇಲಿದ್ದನ್ನೂ ಬಿರುಕು ಬಿಟ್ಟದ್ದನ್ನೂ ಪಕ್ಕಕ್ಕೆ ತೆಗೆದಿಟ್ಟು ಕೈ ತೊಳೆದುಕೊಂಡರು. ಉಳಿದವನ್ನು ತೊಳೆದು, ಒಂದೊಂದರ ಮೇಲೂ ಹುಣಸೆ ಎಲೆಯಿಟ್ಟು ಹಳೆಯ ಬಟ್ಟೆಯಲ್ಲಿ ಬಿಗಿದು, ಈರುಳ್ಳಿ ಸಿಪ್ಪೆ ಹಾಕಿದ ನೀರಿನಲ್ಲಿ ಒಳಗೆಲ್ಲ ಗಟ್ಟಿಯಾಗುವಷ್ಟು ಬೇಯಿಸಿದರು. ಬಟ್ಟೆ ಬಿಚ್ಚಿದರೆ ಕೆಂಪು ಚಿಪ್ಪಿನ ಮೇಲೆ ಎಲೆಯ ಗುರುತು ಬೆಳ್ಳಗೆ ಮೂಡಿತ್ತು.

ಒಂದನ್ನು ಮಗುವಿನ ಕೈಗೆ ಕೊಟ್ಟು ನನಗೆ ಹೇಳಿದರು: “ತಿನ್ನೋದಾದ್ರೆ ಇವತ್ತೇ ತಿನ್ನಿಸಮ್ಮ. ನೋಡೋಕೆ ಅಂತ ಇಟ್ಕೊಂಡ್ರೆ ಆಮೇಲೆ ಬಾಯಿಗೆ ಕೊಡ್ಬೇಡ. ಈ ಸೆಕೇಲಿ ಒಳಗೆ ಕೆಟ್ಟಿದ್ರೂ ಮೇಲೆ ಗೊತ್ತಾಗಲ್ಲ.”

ಅವನು ಒಡೆಯಲು ಬಿಡಲಿಲ್ಲ. ರಾಗಿ ಗುಡಾಣದ ಮುಚ್ಚಳದ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದ.

“ಮೊಟ್ಟೆಗೆ ಬಣ್ಣ ಬಳಿಯಾಕೆ ನರ್ಸ್ ಓದ್ಬೇಕೇನಮ್ಮಿ?” ಎಂದು ನಮ್ಮತ್ತೆ ನಕ್ಕರು. ಆದರೂ ಹಬ್ಬದ ಮನೆಯಿಂದ ಬಂದದ್ದು ಅವರಿಗೆ ಪ್ರಸಾದವಿದ್ದ ಹಾಗೆ, ಎಸೆಯುವ ಮಾತೇ ಇಲ್ಲ.

ಎರಡು ದಿನ ಕಳೆದಿತ್ತು. ನಾನು ನೀರು ಹೊತ್ತು ಒಳಗೆ ಬಂದಾಗ ಅತ್ತೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಸಿಪ್ಪೆ ಬಿಡಿಸುತ್ತಿದ್ದರು.

“ಬ್ಯಾಡಿ ಅತ್ತೆ,” ಎಂದೆ. ಅದುವರೆಗೆ ಅವರಿಗೆ ನಾನು ಎದುರು ಮಾತಾಡಿದ್ದೇ ಇಲ್ಲ.

“ಯಾಕಮ್ಮಿ? ಬೇಯ್ಸಿದ್ದಲ್ವಾ? ಅಬ್ಬದ್ ಮನೇದ್ನ ಯಾರಾರ ತಿಪ್ಪೆಗಾಕ್ತಾರಾ?”

“ನರ್ಸಮ್ಮ ಬ್ಯಾಡ ಅಂದವ್ರೆ.”

“ಅವ್ಳೇನು ನನ್ಗಿಂತ ಎಚ್ಚು ಮಕ್ಳ ಸಾಕವ್ಳಾ?”

ಮೊಟ್ಟೆ ಅವನ ತುಟಿಯ ಹತ್ತಿರ ಬಂದಿತ್ತು. ಅವರ ಕೈಯಿಂದ ಅದನ್ನು ಕಿತ್ತುಕೊಂಡೆ. “ಒಂದ್ನ ಕಳ್ಕೊಂಡಿವ್ನಿ ಅತ್ತೆ,” ಎಂದಷ್ಟೇ ಹೇಳಿ, ತಿಪ್ಪೆಯಲ್ಲಿ ಹೂತು ಬಂದೆ.

ಮಗು ಉರುಳಾಡಿ ಅಳುತ್ತಿತ್ತು. ಅಂದು ಅರಕಲಗೂಡಿನ ಗಾಡಿಯಲ್ಲಿ ನನ್ನ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವರು ಅತ್ತೆಯೇ. ಎದ್ದು ಚೊಂಬಿನಲ್ಲಿ ನೀರು ತಂದರು. ಮೊದಲು ತಮ್ಮ ಕೈ ತೊಳೆದುಕೊಂಡು, ಆಮೇಲೆ ಅವನ ಎರಡೂ ಕೈ ತೊಳೆದರು.

ಆ ಮೊಟ್ಟೆ ಕೆಟ್ಟಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಅತ್ತೆಯೇ ಹೋಗಿ ನರ್ಸಮ್ಮನ ಬಾಗಿಲಲ್ಲಿ ನಿಂತು, “ಮಗ ಮಡಿಕ್ಕೊಳಂಗೆ ಒಂದ ಮಾಡ್ಕೊಡವ್ವ,” ಎಂದು ಕೇಳಿದರು. ನರ್ಸಮ್ಮ ಎರಡು ತುದಿಗೂ ಸೂಜಿಯಿಂದ ತೂತು ಮಾಡಿ, ಒಳಗಿನದನ್ನೆಲ್ಲ ಹೊರಗೆ ತೆಗೆದು, ಬರೀ ಚಿಪ್ಪನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಬಣ್ಣ ಹಚ್ಚಿಕೊಟ್ಟರು. ಅದು ನಡುಮನೆಯ ತೊಲೆಯಲ್ಲಿ ಬಹಳ ಕಾಲ ತೂಗುತ್ತಿತ್ತು.

ನನ್ನ ಮಗಳದು ಒಂದು ಫೋಟೋ ಕೂಡ ಇಲ್ಲ. ಅವಳ ವಿಷಯ ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ಗೆದ್ದಲು ಹತ್ತದ, ನೀರು ತಾಗದ ಜಾಗ ನೋಡಿ ಇಟ್ಟುಕೊಳ್ಳಿ.